ಅಕ್ಕಲಕೋಟೆಯ ಹೊಲದಿಂದ ಐದು ವ್ಯಾಟ್

ನಮ್ಮ ಧರ್ಮಕೇಂದ್ರದ ಕುಟುಂಬವೊಂದು ರೈಲ್ವೆ ನೌಕರಿಯ ನಿಮಿತ್ತ ಸೊಲ್ಲಾಪುರಕ್ಕೆ ಹೋಗಿ ನೆಲೆಸಿ ಹಲವು ವರ್ಷಗಳಾದವು. ಹೊಸ ಮನೆ ಕಟ್ಟಿಸಿದ್ದೇವೆ, ಬಂದು ಆಶೀರ್ವದಿಸಿಕೊಡಿ ಎಂದು ಅವರು ಕರೆದಾಗ 2025ರ ಜನವರಿಯಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಮನೆಯ ಆಶೀರ್ವಾದ ಮುಗಿಯಿತು, ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಊಟವೂ ಆಯಿತು. ತಾರಸಿ ನೋಡಲು ಹತ್ತಿದಾಗ ಪಕ್ಕದ ಮನೆಯ ಮೇಲೆ ಒಂದು ಬಿದಿರು ಗಳುವಿನಿಂದ ಇನ್ನೊಂದಕ್ಕೆ ಕಟ್ಟಿದ್ದ ತೆಳುವಾದ ತಂತಿ ಕಣ್ಣಿಗೆ ಬಿತ್ತು. ಬಟ್ಟೆ ಒಣಹಾಕುವ ತಂತಿಯೆಂದುಕೊಂಡೆವು. ಅಷ್ಟು ಎತ್ತರದಲ್ಲಿ ಯಾರು ಬಟ್ಟೆ ಹಾಕುತ್ತಾರೆ?

"ಅದು ನಮ್ಮ ತಾರ್ ಬಾಬು ಅವರ ರೇಡಿಯೋ ತಂತಿ, ಫಾದರ್. ಅದರಲ್ಲಿ ಪರದೇಶದವರ ಜೊತೆ ಮಾತಾಡ್ತಾರೆ" ಎಂದರು ಮನೆಯ ಯಜಮಾನರು.

ತಾರ್ ಬಾಬು ರೈಲ್ವೆಯ ಟೆಲಿಗ್ರಾಫ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಹುಟ್ಟೂರು ಅಕ್ಕಲಕೋಟೆಯ ಹತ್ತಿರದ ಹಳ್ಳಿ, ಮನೆಮಾತು ಕನ್ನಡ. ಸೊಲ್ಲಾಪುರದ ಹಲವರಂತೆ ಮರಾಠಿ, ತೆಲುಗುಗಳನ್ನೂ ಅಷ್ಟೇ ಸಲೀಸಾಗಿ ಆಡುತ್ತಾರೆ. ನಾಲ್ಕನೆಯ ಭಾಷೆಯೊಂದೂ ಅವರಿಗೆ ಬರುತ್ತದೆ, ಅದು ಮೋರ್ಸ್. ಚುಕ್ಕಿ ಮತ್ತು ಗೆರೆಗಳ ಆ ತಂತಿಭಾಷೆ ಅವರ ಬೆರಳಿನಿಂದ ಇನ್ನೂ ಹೋಗಿಲ್ಲ. ನಮ್ಮ ದೇಶದ ಟೆಲಿಗ್ರಾಂ ಸೇವೆಯೇ 2013ರ ಜುಲೈ 14ರ ರಾತ್ರಿ ಮುಗಿಯಿತಷ್ಟೆ. ಇವರ ಮನೆಯಲ್ಲಿ ಮಾತ್ರ ಕಟಕಟ ನಿಂತಿಲ್ಲ.

ಅವರು ತೋರಿಸಿದ ರೇಡಿಯೋ ನೋಡಿ ನಮಗೆ ನಿರಾಸೆಯೇ ಆಯಿತೆನ್ನಬೇಕು. ದೊಡ್ಡ ಯಂತ್ರ, ಮಿನುಗುವ ದೀಪಗಳು ಇರುತ್ತವೆಂದು ಎಣಿಸಿದ್ದೆವು. ಅಲ್ಲಿದ್ದದ್ದು ಊಟದ ಡಬ್ಬಿಯಷ್ಟು ದೊಡ್ಡದಾದ ತಗಡಿನ ಪೆಟ್ಟಿಗೆ, ಯುಪಿಎಸ್‌ನಿಂದ ತೆಗೆದ 12 ವೋಲ್ಟಿನ ಬ್ಯಾಟರಿ, ಹಿತ್ತಾಳೆಯ ಒಂದು ಮೋರ್ಸ್ ಕೀ, ಕಿವಿಗೆ ಹಾಕುವ ಹೆಡ್‌ಫೋನು. ಪೆಟ್ಟಿಗೆಯ ಪ್ರಸಾರ ಶಕ್ತಿ ಐದು ವ್ಯಾಟ್. ನಾವು ರಾತ್ರಿ ಹಚ್ಚುತ್ತಿದ್ದ ಹಳೆಯ 'ಝೀರೋ ಬಲ್ಬ್' ಹೆಸರಿಗೆ ಸೊನ್ನೆಯಾದರೂ ಹದಿನೈದು ವ್ಯಾಟಿನ ಆಸುಪಾಸು ಉಣ್ಣುತ್ತಿತ್ತು. ಅದರ ಮೂರನೆಯ ಒಂದು ಪಾಲು ಶಕ್ತಿಯಲ್ಲಿ ಯುರೋಪಿಗೆ ಮಾತು ಮುಟ್ಟಿಸುತ್ತೇನೆಂದರೆ ನಂಬುವುದು ಹೇಗೆ?

"ಊರಾಗ ಬ್ಯಾಡ್ರಿ ಫಾದರ್, ಇಲ್ಲಿ ಗದ್ದಲ ಭಾಳ. ನಾಳೆ ನಮ್ಮ ಹೊಲಕ್ಕ ಬರ್ರಿ. ಸೀತನಿನೂ ತಿಂದಂಗಾತು" ಎಂದರು.

ಗದ್ದಲವೆಂದರೆ ಕಿವಿಗೆ ಕೇಳುವ ಗದ್ದಲವಲ್ಲ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರು, ಇನ್ವರ್ಟರು, ಮೋಟಾರು ಇವೆಲ್ಲ ತಮಗರಿವಿಲ್ಲದೆಯೇ ರೇಡಿಯೋ ಅಲೆಗಳನ್ನು ಉಗುಳುತ್ತವೆ. ಹೆಡ್‌ಫೋನಿನಲ್ಲಿ ಅದು ಎಡೆಬಿಡದ ಮಳೆಯ ಸದ್ದಿನಂತೆ ಕೇಳುತ್ತದೆ. ದೂರದಿಂದ ಬರುವ ಬಡಕಲು ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಮನೆಮನೆಗೂ ಮಗ್ಗದ ಮೋಟಾರು ಓಡುವ ಬೀದಿಗಳಿರುವ ಸೊಲ್ಲಾಪುರದಲ್ಲಿ ಇದು ಹೇಗಿರುತ್ತದೆಂದು ಊಹಿಸಿಕೊಳ್ಳಿ. ಸಣ್ಣ ದನಿಯಲ್ಲಿ ಮಾತಾಡುವವನು ಮೊದಲು ಮೌನದ ಜಾಗ ಹುಡುಕಬೇಕು. ಬೇರೆ ಜಾಗದಿಂದ ಪ್ರಸಾರ ಮಾಡಲು ಬೇಕಾದ ಅನುಮತಿಯನ್ನೂ ಅವರು ಪಡೆದಿದ್ದರು.

ಈ ಹವ್ಯಾಸದ ಹೆಸರು ಕ್ಯೂಆರ್‌ಪಿ. ತಂತಿಯವರ ಸಂಕೇತಗಳಲ್ಲಿ ಅದಕ್ಕೆ 'ನಿಮ್ಮ ಶಕ್ತಿಯನ್ನು ಇಳಿಸಿ' ಎಂದರ್ಥ. ಸಾಮಾನ್ಯ ಹವ್ಯಾಸಿ ರೇಡಿಯೋ ಯಂತ್ರ ನೂರು ವ್ಯಾಟ್ ಹೊರಸೂಸಿದರೆ, ಕ್ಯೂಆರ್‌ಪಿಯವರು ಮೋರ್ಸ್‌ನಲ್ಲಿ ಐದು ವ್ಯಾಟ್, ಮಾತಿನಲ್ಲಿ ಹತ್ತು ವ್ಯಾಟ್ ದಾಟುವುದಿಲ್ಲ. ನೂರರಿಂದ ಐದಕ್ಕೆ ಇಳಿದರೆ ಶಕ್ತಿ ಇಪ್ಪತ್ತನೆಯ ಒಂದು ಪಾಲಾಯಿತು. ಆದರೆ ಆ ಕಡೆಯ ರೇಡಿಯೋದ ಮುಳ್ಳು ತೋರಿಸುವ ಅಳತೆಯಲ್ಲಿ ಇಳಿಯುವುದು ಎರಡು ಮನೆ, ಸ್ವಲ್ಪ ಹೆಚ್ಚು. ಒಂಬತ್ತರಲ್ಲಿ ಕೇಳುತ್ತಿದ್ದದ್ದು ಏಳರ ಹತ್ತಿರಕ್ಕೆ ಬರುತ್ತದೆ, ಅಷ್ಟೆ. ಮೋರ್ಸ್‌ಗೆ ಇನ್ನೊಂದು ಅನುಕೂಲವಿದೆ. ಮಾತು ಅಗಲವಾದ ರಸ್ತೆಯಲ್ಲಿ ಹರಡಿಕೊಂಡು ಹೋದರೆ, ಮೋರ್ಸ್ ಕಾಲುದಾರಿಯಲ್ಲಿ ಹೋಗುತ್ತದೆ. ಇರುವ ಐದು ವ್ಯಾಟ್ ಪೂರ್ತಿ ಒಂದೇ ಸಣ್ಣ ಜಾಗದಲ್ಲಿ ಸೇರಿಕೊಳ್ಳುವುದರಿಂದ ಗದ್ದಲದ ನಡುವೆಯೂ ಪಳಗಿದ ಕಿವಿ ಅದನ್ನು ಹೆಕ್ಕಿಕೊಳ್ಳುತ್ತದೆ.

ಉಳಿದ ಕೆಲಸ ಆಕಾಶದ್ದು. ನೆಲದಿಂದ ಸುಮಾರು 250ರಿಂದ 400 ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಕಿರಣಗಳು ತೆಳುವಾದ ಗಾಳಿಯನ್ನು ವಿದ್ಯುತ್ಕಣಗಳಾಗಿ ಒಡೆದು ಒಂದು ಪದರವನ್ನು ಮಾಡಿಟ್ಟಿರುತ್ತವೆ. ಕೆರೆಯ ಮೇಲೆ ಚಪ್ಪಟೆ ಕಲ್ಲೆಸೆದರೆ ಅದು ಕಪ್ಪೆಯಂತೆ ಹಾರಿ ಹಾರಿ ಹೋಗುವುದಿಲ್ಲವೇ? ಅದೇ ರೀತಿ ಕಿರುತರಂಗದ ಅಲೆ ಆ ಪದರಕ್ಕೆ ತಾಗಿ ಬಾಗಿ ನೆಲಕ್ಕೆ, ನೆಲದಿಂದ ಮತ್ತೆ ಮೇಲಕ್ಕೆ ನೆಗೆಯುತ್ತಾ ಸಾಗುತ್ತದೆ. ಸೂರ್ಯನ ಮೇಲಿನ ಕಲೆಗಳು ಹೆಚ್ಚಿದ ವರ್ಷ ಈ ಪದರ ಬಲವಾಗಿರುತ್ತದೆ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಬರುವ ಆ ಭರತಕಾಲಕ್ಕೆ ಸೂರ್ಯ ಕಾಲಿಟ್ಟಿದ್ದಾನೆಂದು ವಿಜ್ಞಾನಿಗಳು 2024ರ ಅಕ್ಟೋಬರಿನಲ್ಲಿ ಪ್ರಕಟಿಸಿದ್ದರು. ನಾವು ಹೋದ ಕಾಲ ಒಳ್ಳೆಯದೇ ಆಗಿತ್ತು.

ಈ ಮೇಲ್ಪದರದ ಅಧ್ಯಯನಕ್ಕೂ ನಮ್ಮ ಧರ್ಮಸಭೆಗೂ ಒಂದು ನಂಟಿದೆ, ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಕೇರಳದ ತುಂಬಾ ಎಂಬ ಬೆಸ್ತರ ಊರು ಭೂಮಿಯ ಕಾಂತೀಯ ಸಮಭಾಜಕದ ಹತ್ತಿರವಿದೆ. ಅಲ್ಲಿಂದ ರಾಕೆಟ್ ಹಾರಿಸಬೇಕೆಂದು ವಿಕ್ರಂ ಸಾರಾಭಾಯಿಯವರು ಜಾಗ ಕೇಳಿದಾಗ ಧರ್ಮಾಧ್ಯಕ್ಷ ಪೀಟರ್ ಬರ್ನಾರ್ಡ್ ಪೆರೇರಾ ಅವರು ಸಂತ ಮೇರಿ ಮಗ್ದಲೇನರ ದೇವಾಲಯವನ್ನೂ ತಮ್ಮ ನಿವಾಸವನ್ನೂ ಬಿಟ್ಟುಕೊಡಲು ನೆರವಾದರು. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ಅಲ್ಲಿಂದಲೇ.

ಯೇಸುಸಭೆಯ ಗುರು ಮಾರ್ಷಲ್ ಮೋರಾನ್ ಅವರ ಹೆಸರು ತಾರ್ ಬಾಬು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅಮೆರಿಕದಿಂದ ಬಂದು 1951ರಲ್ಲಿ ಕಾಠ್ಮಂಡುವಿನ ಬಳಿಯ ಗೋದಾವರಿಯಲ್ಲಿ ಸಂತ ಕ್ಸೇವಿಯರ್ ಶಾಲೆ ತೆರೆದ ಈ ಗುರುಗಳು, ಬಹುಕಾಲ ನೇಪಾಳದಿಂದ ಕೇಳಿಬರುತ್ತಿದ್ದ ಒಂದೇ ಹವ್ಯಾಸಿ ರೇಡಿಯೋ ದನಿಯಾಗಿದ್ದರು. ಅವರ ಕರೆಸಂಕೇತ 9ಎನ್1ಎಂಎಂ. ಕೊನೆಯ ಎರಡು ಅಕ್ಷರಗಳನ್ನು 'ಮಿಕ್ಕಿ ಮೌಸ್' ಎಂದು ಬಿಡಿಸಿ ಹೇಳುತ್ತಿದ್ದರಂತೆ. ಅವರು 1992ರಲ್ಲಿ ತೀರಿಕೊಂಡರು. ಆಷ್‌ವಿಟ್ಜ್ ಶಿಬಿರದಲ್ಲಿ 1941ರಲ್ಲಿ ಇನ್ನೊಬ್ಬರಿಗಾಗಿ ಪ್ರಾಣ ಕೊಟ್ಟ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರಿಗೂ ಪೋಲೆಂಡಿನಲ್ಲಿ ಎಸ್‌ಪಿ3ಆರ್‌ಎನ್ ಎಂಬ ಕರೆಸಂಕೇತವಿತ್ತು. ಗುರುಮಠದಲ್ಲಿ ಅವರ ಜೀವನಚರಿತ್ರೆ ಓದಿದ್ದ ನಮಗೆ ಈ ಸಂಗತಿ ತಿಳಿದದ್ದು ಒಬ್ಬ ಲಿಂಗಾಯತ ಹಿರಿಯರ ಬಾಯಿಂದ!

ಮರುದಿನ ಮಧ್ಯಾಹ್ನ ಜೀಪಿನಲ್ಲಿ ಅಕ್ಕಲಕೋಟೆಯ ದಾರಿ ಹಿಡಿದೆವು. ಸುಮಾರು ನಲವತ್ತು ಕಿಲೋಮೀಟರ್, ಎರಡೂ ಕಡೆ ಕಪ್ಪು ಮಣ್ಣು, ತೆನೆ ತುಂಬಿದ ಬಿಳಿಜೋಳ. ನಡುದಾರಿಯಲ್ಲಿ ಎಪ್ಪತ್ತಾರನೆಯ ರೇಖಾಂಶವನ್ನು ದಾಟುತ್ತೇವೆ. ಹವ್ಯಾಸಿಗಳು ಭೂಪಟವನ್ನು ಚೌಕಗಳಾಗಿ ವಿಂಗಡಿಸಿಕೊಂಡಿದ್ದಾರೆ. ಸೊಲ್ಲಾಪುರ ಎಂಕೆ 77ರಲ್ಲಿದ್ದರೆ ಅಕ್ಕಲಕೋಟೆ ಎಂಕೆ 87ರಲ್ಲಿ. ನಮಗೆ ಒಂದೇ ಸೀಮೆ, ಅವರಿಗೆ ಎರಡು ಮನೆ.

ಜೀಪಿನಲ್ಲಿ ನಾವು ಕೇಳಿದೆವು: "ಮೊಬೈಲಿನಲ್ಲಿ ಬಿಟ್ಟಿಯಾಗಿ ಅಮೆರಿಕದವರ ಮುಖವನ್ನೇ ನೋಡಿ ಮಾತಾಡಬಹುದು. ಇದೆಲ್ಲ ಯಾಕೆ?"

ಅವರು ಸ್ವಲ್ಪ ಹೊತ್ತು ಹೊರಗೆ ನೋಡುತ್ತಾ ಕುಳಿತರು. ಆಮೇಲೆ ಕಿಲ್ಲಾರಿಯ ಮಾತು ತೆಗೆದರು.

1993ರ ಸೆಪ್ಟೆಂಬರ್ 30. ಗಣಪತಿ ವಿಸರ್ಜನೆ ಮುಗಿಸಿ ಜನ ದಣಿದು ಮಲಗಿದ್ದ ರಾತ್ರಿ. ಬೆಳಗಿನ ಜಾವ ನಾಲ್ಕು ಗಂಟೆಗೆ ಮುಂಚೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆಗಳ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದು ಸತ್ತವರು ಒಂಬತ್ತು ಸಾವಿರಕ್ಕೂ ಹೆಚ್ಚು. ಸೊಲ್ಲಾಪುರದಿಂದ ಕಿಲ್ಲಾರಿ ನೆಟ್ಟಗೆ ಅಳೆದರೆ ನೂರು ಕಿಲೋಮೀಟರೂ ಇಲ್ಲ. ಇವರ ಅಕ್ಕನನ್ನು ಕೊಟ್ಟದ್ದು ಆ ಕಡೆಯ ಒಂದು ಹಳ್ಳಿಗೆ.

"ನಾನು ತಾರ್ ಆಫೀಸಿನಾಗ ಕುಂತೀನಿ. ದಿಲ್ಲಿಗೆ ಲೈನ್ ಐತಿ, ಮುಂಬೈಗೆ ಐತಿ. ನಮ್ಮ ಅಕ್ಕನ ಊರಿಗೆ ಇಲ್ಲ. ಎರಡು ದಿನ ಅನ್ನ ಇಳೀಲಿಲ್ರಿ."

ಆ ದಿನಗಳಲ್ಲಿ ಹವ್ಯಾಸಿ ರೇಡಿಯೋದವರು ತಮ್ಮ ಪೆಟ್ಟಿಗೆ, ತಂತಿ, ಬ್ಯಾಟರಿಗಳೊಂದಿಗೆ ಭೂಕಂಪದ ಸೀಮೆಗೆ ಹೋಗಿ ಸುದ್ದಿ ಸಾಗಿಸಿದರು. ಮೂರನೆಯ ದಿನ ಯಾರೋ ಗುರುತಿಲ್ಲದವರು ಅಲ್ಲಿಂದ ರೇಡಿಯೋದಲ್ಲಿ ಪುಣೆಯ ಇನ್ನೊಬ್ಬ ಗುರುತಿಲ್ಲದವರಿಗೆ ಹೇಳಿ, ಅವರು ಫೋನು ಮಾಡಿ, ಸಹೋದ್ಯೋಗಿಯೊಬ್ಬರು ಬರೆದುಕೊಂಡ ಚೀಟಿ ಇವರ ಕೈಗೆ ಬಂತು. ಅದರಲ್ಲಿ ನಾಲ್ಕೇ ಪದ. 'ಅಕ್ಕ ಇದ್ದಾಳೆ. ಭಾವ ಇಲ್ಲ.'

ಮರುವರ್ಷ ಅವರು ಹವ್ಯಾಸಿ ರೇಡಿಯೋ ಪರೀಕ್ಷೆಗೆ ಕುಳಿತರು. ಮೋರ್ಸ್ ಹೇಗೂ ಬರುತ್ತಿತ್ತು. ನಿಯಮಗಳನ್ನೂ ಸ್ವಲ್ಪ ಇಲೆಕ್ಟ್ರಾನಿಕ್ಸನ್ನೂ ಓದಿಕೊಂಡರೆ ಸಾಕಾಗಿತ್ತು.

ಇಂಥ ಹೊತ್ತಿನಲ್ಲಿ ಸಣ್ಣ ಶಕ್ತಿಯ ಯಂತ್ರಕ್ಕಿರುವ ಬೆಲೆ ಬೇರೆಯೇ. 2004ರ ಡಿಸೆಂಬರ್ 26ರ ಸುನಾಮಿಯ ದಿನ ಭಾರತಿ ಪ್ರಸಾದ್ ಎಂಬ ಮಹಿಳೆ ಹವ್ಯಾಸಿ ರೇಡಿಯೋ ಕಾರ್ಯಕ್ರಮಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿದ್ದರು. ಫೋನುಗಳು ಸತ್ತ ಮೇಲೆ ದಿನಗಟ್ಟಲೆ ಅವರ ವಿಯು4ಆರ್‌ಬಿಐ ಎಂಬ ಕೇಂದ್ರ ದ್ವೀಪಗಳ ಸುದ್ದಿಯನ್ನು ದೇಶಕ್ಕೆ ಮುಟ್ಟಿಸಿತು. ಮೊಬೈಲಿಗೆ ಗೋಪುರ ಬೇಕು, ಗೋಪುರಕ್ಕೆ ಕರೆಂಟು ಬೇಕು, ನೆಲದಡಿ ಕೇಬಲ್ಲು ಬೇಕು. ಇಲ್ಲಿ ಇಬ್ಬರ ನಡುವೆ ಆಕಾಶವೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ಐದು ವ್ಯಾಟಿನ ಪೆಟ್ಟಿಗೆಯಾದರೆ ಸಣ್ಣದೊಂದು ಬ್ಯಾಟರಿಯೇ ಅದನ್ನು ದಿನವಿಡೀ ಸಾಕುತ್ತದೆ.

ಪೆಟ್ಟಿಗೆಯನ್ನು ದುಬಾರಿ ಬೆಲೆಗೆ ಹೊರದೇಶದಿಂದ ತರಿಸಬೇಕಾಗಿಲ್ಲ. ಹೈದರಾಬಾದಿನ ಅಷ್ಹರ್ ಫರ್ಹಾನ್ ಅವರು ಇಪ್ಪತ್ತು ವರ್ಷಗಳ ಹಿಂದೆಯೇ ಬಿಟ್‌ಎಕ್ಸ್ ಎಂಬ ಯಂತ್ರದ ನಕ್ಷೆ ಮಾಡಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ನಮ್ಮ ಬಜಾರಿನ ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಅದನ್ನು ಕಟ್ಟಬಹುದು. ತಂತಿಸುರುಳಿ ಸುತ್ತಲು ವಿಶೇಷ ಉಂಗುರಗಳು ಸಿಗದಿದ್ದರೆ ನಲ್ಲಿಗೆ ಹಾಕುವ ವಾಷರ್ ಸಾಕೆಂದು ಅವರು ತೋರಿಸಿಕೊಟ್ಟರು! ಆರು ವ್ಯಾಟಿನ ಆ ಯಂತ್ರವನ್ನು ಹಲವು ದೇಶಗಳ ಹವ್ಯಾಸಿಗಳು ಕಟ್ಟಿದ್ದಾರೆ.

ಹೊಲ ಮುಟ್ಟಿದ ಮೇಲೆ ಬೇವಿನ ಮರಕ್ಕೂ ಬಾವಿಯ ದಂಡೆಯ ಬಿದಿರಿಗೂ ತಂತಿ ಕಟ್ಟಿದೆವು. ಎರಡೂ ಕಡೆ ಹದಿನಾರೂವರೆ ಅಡಿ, ನಡುವೆ ಕೇಬಲ್ಲು. ಈಶಾನ್ಯದಿಂದ ನೈಋತ್ಯಕ್ಕೆ ಕಟ್ಟಬೇಕೆಂದರು. ತಂತಿ ತನ್ನ ಪಕ್ಕೆಗಳ ಕಡೆಗೆ ಹೆಚ್ಚು ಸೂಸುತ್ತದೆ, ಯುರೋಪು ವಾಯವ್ಯಕ್ಕಿದೆ. ಮೊದಲ ಸಲ ನಾವು ಹಾಕಿದ ಗಂಟು ಬಿಚ್ಚಿ ತಂತಿ ಜೋಳದ ಮೇಲೆ ಬಿತ್ತು. ತಾರ್ ಬಾಬು ಅವರ ಸೊಸೆ ಸೀತನಿ ಸುಡುತ್ತಿದ್ದಲ್ಲಿಂದಲೇ ನಕ್ಕದ್ದು ಕೇಳಿಸಿತು.

ನಾಲ್ಕೂಮುಕ್ಕಾಲಿಗೆ ಅವರು ಕರೆಯಲು ಶುರುಮಾಡಿದರು. ಪರವಾನಗಿ ಅವರದಾದ್ದರಿಂದ ಕೀ ನಮ್ಮ ಕೈಗೆ ಕೊಡಲಿಲ್ಲ, ಇನ್ನೊಂದು ಹೆಡ್‌ಫೋನು ಕೊಟ್ಟರು. 'ಯಾರಾದರೂ ಇದ್ದೀರಾ' ಎಂಬ ಅರ್ಥದ ಸಿಕ್ಯೂ, ಸಿಕ್ಯೂ, ಆಮೇಲೆ ತಮ್ಮ ಸಂಕೇತ, ಆಮೇಲೆ ಮೌನ. ಮತ್ತೆ ಕರೆ, ಮತ್ತೆ ಮೌನ. ಅರ್ಧ ಗಂಟೆ ಹೀಗೇ. ನಡುವೆ ಭಾರೀ ಶಕ್ತಿಯ ಒಂದು ಕೇಂದ್ರ ಪಕ್ಕದಲ್ಲೇ ಬಂದು ಕುಳಿತು ಇವರ ದನಿಯನ್ನು ತುಳಿದೇ ಹಾಕಿತು. ಅವರೇನೂ ಸಿಡುಕಲಿಲ್ಲ, ಗುಂಡಿ ತುಸು ತಿರುಗಿಸಿ ಬೇರೆ ಜಾಗಕ್ಕೆ ಹೋದರು. ಸಿಡುಕಿದ್ದು ನಾವು. ಒಂದು ಗಂಟೆಯಾದಾಗ ನಮಗೆ ಸೀತನಿಯ ಕಡೆಗೇ ಗಮನ.

ಐದು ಗಂಟೆ ಐವತ್ತು ನಿಮಿಷಕ್ಕೆ ಅವರು ಕೈಯೆತ್ತಿದರು. ಮಳೆಯ ಸದ್ದಿನ ಆಚೆ, ಬಹಳ ದೂರದಲ್ಲಿ, ಜೀರುಂಡೆಯಂಥ ಸಣ್ಣ ಸದ್ದು. ಯಾರೋ ಇವರ ಕರೆಸಂಕೇತವನ್ನೇ ತಿರುಗಿ ಹೇಳುತ್ತಿದ್ದರು, ಕೊನೆಯ ಅಕ್ಷರದ ಜಾಗದಲ್ಲಿ ಪ್ರಶ್ನೆಯ ಗುರುತು. ಇವರು ಕೊನೆಯ ಅಕ್ಷರವನ್ನು ಮೂರು ಸಲ ಕಳಿಸಿದರು. ಆ ಕಡೆಯಿಂದ 339 ಎಂದು ಬಂತು. ಕಷ್ಟಪಟ್ಟು ಅರ್ಥವಾಗುತ್ತಿದೆ, ಸಂಕೇತ ದುರ್ಬಲ, ಆದರೆ ನಾದ ಶುದ್ಧ ಎಂದರ್ಥ. ಊರು ಬಾರಿ, ಇಟಲಿ. ಸಂತ ನಿಕೋಲಾಸರ ಪವಿತ್ರ ಅವಶೇಷಗಳಿರುವ ಬಾರಿ! ನಮ್ಮ ಕೈಯಲ್ಲಿದ್ದ ತೆನೆ ಕೆಳಗೆ ಬಿತ್ತು.

ಇವರು ತಮ್ಮ ಊರನ್ನು ಕಳಿಸಿದರು. ಸೊಲ್ಲಾಪುರದ ಮೊದಲ ಅಕ್ಷರ 'ಎಸ್', ಮೋರ್ಸ್‌ನಲ್ಲಿ ಮೂರು ಚುಕ್ಕಿ. 1901ರ ಡಿಸೆಂಬರ್ 12ರಂದು ಮಾರ್ಕೋನಿ ಇಂಗ್ಲೆಂಡಿನಿಂದ ಅಟ್ಲಾಂಟಿಕ್ ಸಾಗರದಾಚೆಗೆ ಕೇಳಿಸಿಕೊಂಡೆನೆಂದು ಹೇಳಿದ ಅಕ್ಷರವೂ ಇದೇ. ಅದಕ್ಕವರು ಸುರಿದದ್ದು ಕಿಲೋವ್ಯಾಟ್‌ಗಟ್ಟಲೆ ಶಕ್ತಿ, ದೂರ ಸುಮಾರು 3,400 ಕಿಲೋಮೀಟರ್. ನಿಜವಾಗಿ ಕೇಳಿಸಿತ್ತೇ ಎಂದು ಇಂದಿಗೂ ತಕರಾರು ಮಾಡುವವರಿದ್ದಾರೆ. ಅಕ್ಕಲಕೋಟೆಯಿಂದ ಬಾರಿಗೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು.

ಇಡೀ ಸಂಭಾಷಣೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಹೆಸರು, ಊರು, ಹವೆ, ವಂದನೆ. ತಾರ್ ಬಾಬು ಪುಸ್ತಕ ತೆಗೆದು ಗ್ರೀನಿಚ್ ಸಮಯ 12.20 ಎಂದು ಬರೆದುಕೊಂಡರು. ಆಮೇಲೆ ಚೀಟಿಯ ಹಿಂದೆ ಏನೋ ಲೆಕ್ಕ ಹಾಕತೊಡಗಿದರು. ಸಣ್ಣ ಶಕ್ತಿಯವರದೊಂದು ಪ್ರಶಸ್ತಿಪತ್ರವಿದೆಯಂತೆ, ಒಂದು ವ್ಯಾಟಿಗೆ ಸಾವಿರ ಮೈಲಿ ತಲುಪಿದವರಿಗೆ. ಬಾರಿಗೆ ಸುಮಾರು 3,840 ಮೈಲಿ. ಐದರಿಂದ ಭಾಗಿಸಿದರೆ 768 ಬಂತು.

"ಶಕ್ತಿ ಜಾಸ್ತಿ ಆತ್ರಿ ಫಾದರ್" ಎಂದರು ಬೇಸರದಿಂದ. "ಮುಂದಿನ ವಾರ ಮೂರು ವ್ಯಾಟಿಗೆ ಇಳಸ್ತೀನಿ."