ನಿದಾನಪಂಚಕವೂ ಯೂಯಿಂಗ್ ಅಸ್ಥ್ಯರ್ಬುದವೂ

ರೋಗವನ್ನು ಅರಿಯುವ ಸಾಧನಗಳು ಐದೆಂದು ಆಯುರ್ವೇದಾಚಾರ್ಯರ ಮತ. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಈ ಐದಕ್ಕೆ ನಿದಾನಪಂಚಕವೆಂದು ಹೆಸರು. ನಿದಾನವೆಂದರೆ ರೋಗದ ಹೇತು. ಪೂರ್ವರೂಪವೆಂದರೆ ರೋಗವು ಪ್ರಕಟವಾಗುವುದಕ್ಕೆ ಮುಂಚಿನ ಸೂಚನೆ. ರೂಪವೆಂದರೆ ಪ್ರಕಟವಾದ ಲಕ್ಷಣ. ಉಪಶಯವೆಂದರೆ ಔಷಧಾನ್ನವಿಹಾರಗಳಿಂದ ಉಂಟಾಗುವ ಶಮನ. ಸಂಪ್ರಾಪ್ತಿಯೆಂದರೆ ರೋಗವು ದೇಹದಲ್ಲಿ ಹುಟ್ಟಿ ಬೆಳೆದ ಕ್ರಮ. ಚರಕಸಂಹಿತೆಯಲ್ಲಿಯೂ, ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ, ಮಾಧವಕರನ ರೋಗವಿನಿಶ್ಚಯದಲ್ಲಿಯೂ ಈ ವಿಭಾಗವು ನಿರೂಪಿತವಾಗಿದೆ. ಆದರೆ ಈ ಐದು ಸಾಧನಗಳ ಬಲಾಬಲವು ಎಲ್ಲ ವ್ಯಾಧಿಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮೊದಲಿನ ನಾಲ್ಕೂ ಸಂದೇಹವನ್ನೇ ಬೆಳೆಸಿ, ಕಡೆಯದೊಂದೇ ನಿರ್ಣಯವನ್ನು ಕೊಡುವ ವ್ಯಾಧಿಗಳುಂಟು. ಯೂಯಿಂಗ್ ಸಾರ್ಕೋಮವೆಂಬ ಅಸ್ಥ್ಯರ್ಬುದವು ಅಂಥದೊಂದು.

ಯೂಯಿಂಗ್ ಎಂಬುದು ಒಬ್ಬ ವಿದ್ವಾಂಸನ ಹೆಸರು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ವಿಕೃತಿಶಾಸ್ತ್ರಜ್ಞನಾಗಿದ್ದ ಜೇಮ್ಸ್ ಯೂಯಿಂಗನು, ಎಲುಬಿನ ಇತರ ದುಷ್ಟಾರ್ಬುದಗಳಿಂದ ಭಿನ್ನವಾದುದೊಂದು ಉಂಟೆಂದು ೧೯೨೧ನೆಯ ಇಸವಿಯಲ್ಲಿ ಪ್ರತಿಪಾದಿಸಿದನು. ಅದು ರಕ್ತನಾಳಗಳ ಒಳಪದರದಿಂದ ಹುಟ್ಟುವುದೆಂದು ಆತನ ಊಹೆ. ಊಹೆಯು ಮುಂದೆ ನಿಲ್ಲಲಿಲ್ಲ. ಆತನು ತೋರಿಸಿದ ಭೇದವು ಮಾತ್ರ ನಿಂತಿತು. ಬಾಲ್ಯ ಕೌಮಾರಗಳಲ್ಲಿ ಎಲುಬಿನಲ್ಲಿಯೇ ಹುಟ್ಟುವ ದುಷ್ಟಾರ್ಬುದಗಳ ಪೈಕಿ ಆಸ್ಟಿಯೋಸಾರ್ಕೋಮವು ಮೊದಲನೆಯದು, ಇದು ಎರಡನೆಯದು. ಆದರೂ ರೋಗವು ವಿರಳವಾದುದೇ. ಪಾಶ್ಚಾತ್ಯ ದೇಶಗಳ ಗಣನೆಯಂತೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಇದು ಬರುತ್ತದೆ. ೧೦ರಿಂದ ೨೦ ವರ್ಷ ವಯಸ್ಸಿನವರಲ್ಲಿ ಹೆಚ್ಚು. ಸೊಂಟದ ಎಲುಬು, ತೊಡೆಯೆಲುಬು, ಕಣಕಾಲೆಲುಬು, ಪಕ್ಕೆಲುಬು ಇವು ಅದರ ಸಾಮಾನ್ಯ ಸ್ಥಾನಗಳು. ವಿರಳವಾದ ಈ ರೋಗವು ಸಾಮಾನ್ಯ ರೋಗಗಳ ವೇಷದಲ್ಲಿ ಬರುವುದರಿಂದಲೇ ಅದರ ನಿರ್ಣಯವು ಕಷ್ಟವಾಗಿದೆ.

ಮೊದಲು ಹೇತುವನ್ನು ವಿಚಾರಿಸಬೇಕು. ಮುಷ್ಟಿಪ್ರಹಾರಾದಿಗಳಿಂದ ಪೀಡಿತವಾದ ಅಂಗದಲ್ಲಿ ಮಾಂಸಾರ್ಬುದವು ಹುಟ್ಟುವುದೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಲೋಕದ ನಂಬಿಕೆಯೂ ಹೀಗೆಯೇ ಇದೆ. ಮಗುವಿನ ಕಾಲು ಊದಿದಾಗ, ಆಟದಲ್ಲಿ ಬಿದ್ದ ಪೆಟ್ಟೊಂದು ಮನೆಯವರ ನೆನಪಿಗೆ ಬಂದೇ ಬರುತ್ತದೆ. ಆದರೆ ಪೆಟ್ಟು ಈ ಅರ್ಬುದವನ್ನು ಹುಟ್ಟಿಸತಕ್ಕದ್ದಲ್ಲ. ಅದಾಗಲೇ ಇದ್ದ ಅರ್ಬುದದ ಕಡೆಗೆ ಗಮನವನ್ನು ಸೆಳೆಯುವುದಷ್ಟೇ ಅದರ ಕಾರ್ಯ. ಆಹಾರವಿಹಾರಗಳ ದೋಷವೂ ಇದಕ್ಕೆ ಕಾರಣವೆಂದು ಸಿದ್ಧವಾಗಿಲ್ಲ. ಆದುದರಿಂದ ಹೇತುವೆಂಬ ಸಾಧನವು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪೆಟ್ಟಿನ ಕಥೆಯನ್ನು ನಂಬಿ ಸುಮ್ಮನಿದ್ದರೆ ಅಪಕಾರವನ್ನೂ ಮಾಡುತ್ತದೆ.

ಪೂರ್ವರೂಪದ ವಿಷಯವೂ ಹಾಗೆಯೇ. ಆರಂಭದಲ್ಲಿ ನೋವು ಬಂದು ಹೋಗುತ್ತಿರುತ್ತದೆ, ರಾತ್ರಿಯಲ್ಲಿ ಹೆಚ್ಚಾಗುವುದುಂಟು. ಮಕ್ಕಳಲ್ಲಿ ಬೆಳವಣಿಗೆಯ ನೋವೆಂದು ಜನರು ಹೇಳುವುದೂ ರಾತ್ರಿಯಲ್ಲಿಯೇ ತೋರುತ್ತದೆ. ಆದರೆ ಸೂಕ್ಷ್ಮವಾಗಿ ನೋಡಿದರೆ ಎರಡಕ್ಕೂ ಅಂತರವಿದೆ. ಬೆಳವಣಿಗೆಯ ನೋವು ಪ್ರಾಯಶಃ ಎರಡು ಕಾಲುಗಳಲ್ಲಿಯೂ ಇರುತ್ತದೆ, ಬೆಳಗಾಗುವಷ್ಟರಲ್ಲಿ ಅಡಗುತ್ತದೆ, ಊತವನ್ನುಂಟುಮಾಡುವುದಿಲ್ಲ. ಅರ್ಬುದದ ನೋವು ಒಂದೇ ಸ್ಥಾನದಲ್ಲಿ ನೆಲಸಿ, ವಾರಗಳು ಕಳೆದಂತೆ ಹೆಚ್ಚುತ್ತ, ಕಡೆಗೆ ಹಗಲಿನಲ್ಲಿಯೂ ಬಿಡದೆ ಇರುತ್ತದೆ. ಈ ಅಂತರವು ಶಂಕೆಗೆ ಸಾಕು, ನಿರ್ಣಯಕ್ಕೆ ಸಾಲದು.

ರೂಪವನ್ನು ವಿಚಾರಿಸುವಲ್ಲಿ ತೊಡಕು ಹೆಚ್ಚುತ್ತದೆ. ಸುಶ್ರುತನ ನಿದಾನಸ್ಥಾನದಲ್ಲಿ ವಿದ್ರಧಿಗೂ ಅರ್ಬುದಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ವಿದ್ರಧಿಯು ಪಾಕಗೊಂಡು ಕೀವಾಗುತ್ತದೆ, ಅರ್ಬುದವು ಪಾಕಗೊಳ್ಳುವುದಿಲ್ಲ. ಎಲುಬಿನೊಳಗಣ ಮಜ್ಜೆಯೇ ಪಾಕಗೊಂಡು, ಹೊರಕ್ಕೆ ದಾರಿಯಿಲ್ಲದೆ ಬೆಂಕಿಯಂತೆ ಸುಡುವ ವಿದ್ರಧಿಯೂ ಅಲ್ಲಿ ವರ್ಣಿತವಾಗಿದೆ. ಆಧುನಿಕರು ಆಸ್ಟಿಯೋಮೈಲೈಟಿಸ್ ಎಂದು ಕರೆಯುವ, ಸೂಕ್ಷ್ಮಜೀವಿಗಳಿಂದ ಹುಟ್ಟುವ ಅಸ್ಥಿಪಾಕಕ್ಕೆ ಇದು ಬಹಳ ಸಮೀಪವಾಗಿದೆ. ಯೂಯಿಂಗ್ ಅರ್ಬುದವನ್ನು ಪ್ರಾಚೀನರು ಪ್ರತ್ಯೇಕವಾಗಿ ಬಲ್ಲವರಾಗಿದ್ದರೆಂದು ಹೇಳುವುದು ಯುಕ್ತವಲ್ಲ. ಆದರೆ ಅವರು ಎಳೆದ ಪಾಕಾಪಾಕಗಳ ಗೆರೆಯು ಚಿಕಿತ್ಸಕನಿಗೆ ಇಂದಿಗೂ ಬೇಕಾದುದೇ. ಕಷ್ಟವೇನೆಂದರೆ ಪ್ರಕೃತ ರೋಗವು ಆ ಗೆರೆಯನ್ನೇ ಅಳಿಸಿಬಿಡುತ್ತದೆ. ಇಲ್ಲಿಯೂ ಊತ, ಬಿಸುಪು, ಬಿಟ್ಟು ಬಿಟ್ಟು ಬರುವ ಜ್ವರ ಇವು ತೋರಬಹುದು. ರಕ್ತಪರೀಕ್ಷೆಯಲ್ಲಿ ಬಿಳಿಯ ಕಣಗಳು ಹೆಚ್ಚಿರಬಹುದು. ಅರ್ಬುದದ ಮಧ್ಯಭಾಗವು ಸತ್ತು ದ್ರವವಾದಾಗ, ಶಸ್ತ್ರವೈದ್ಯನ ಕಣ್ಣಿಗೆ ಅದು ಕೀವಿನಂತೆಯೇ ಕಾಣುವುದುಂಟು. ಕೀವೆಂದು ಅದನ್ನು ಹೊರಚೆಲ್ಲಿದರೆ ರೋಗನಿರ್ಣಯದ ಸಾಕ್ಷ್ಯವೇ ಚೆಲ್ಲಿಹೋದಂತಾಗುತ್ತದೆ.

ಕ್ಷಕಿರಣವನ್ನು ೧೮೯೫ರಲ್ಲಿ ರೋಂಟ್ಜೆನನು ಕಂಡುಹಿಡಿದ ಮೇಲೆ ರೂಪವೆಂಬುದು ಚರ್ಮದ ಒಳಗೂ ಗೋಚರವಾಯಿತು. ಯೂಯಿಂಗ್ ಅರ್ಬುದವು ಉದ್ದೆಲುಬುಗಳಲ್ಲಿ ಬಂದಾಗ ಪ್ರಾಯಶಃ ನಡುದಂಡದಲ್ಲಿರುತ್ತದೆ; ಎಲುಬು ನುಸಿ ತಿಂದಂತೆ ಕಾಣುತ್ತದೆ; ಎಲುಬಿನ ಹೊರಪೊರೆಯು ಈರುಳ್ಳಿಯ ಸಿಪ್ಪೆಗಳಂತೆ ಪದರ ಪದರವಾಗಿ ಏಳುತ್ತದೆ. ಆಸ್ಟಿಯೋಸಾರ್ಕೋಮವು ಹೆಚ್ಚಾಗಿ ಕೀಲಿನ ಸಮೀಪದಲ್ಲಿ, ಅದರಲ್ಲಿಯೂ ಮೊಣಕಾಲಿನ ಆಚೀಚೆ ಇರುತ್ತದೆ. ತಾನೇ ಎಲುಬನ್ನು ನಿರ್ಮಿಸುವುದು ಅದರ ಸ್ವಭಾವವಾದುದರಿಂದ ಸೂರ್ಯಕಿರಣಗಳಂತಹ ಗೆರೆಗಳನ್ನು ತೋರಿಸುತ್ತದೆ. ಇದು ಬಹುಮಟ್ಟಿಗೆ ಉಪಯುಕ್ತವಾದ ಭೇದ. ಆದರೆ ಈರುಳ್ಳಿಯ ಪದರವು ಅಸಾಧಾರಣ ಲಕ್ಷಣವಲ್ಲ. ಅಸ್ಥಿಪಾಕದಲ್ಲಿಯೂ, ಎಲುಬಿನ ಲಿಂಫೋಮದಲ್ಲಿಯೂ, ಮಕ್ಕಳಲ್ಲಿ ಕಾಣುವ ಲ್ಯಾಂಗರ್‌ಹಾನ್ಸ್ ಕೋಶಗಳ ರೋಗದಲ್ಲಿಯೂ ಅದು ಕಾಣಬಹುದು. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಲಕ್ಷಣಕ್ಕೆ ಅತಿವ್ಯಾಪ್ತಿದೋಷವುಂಟು.

ಉಪಶಯವು ಈ ರೋಗದ ಇತಿಹಾಸದಲ್ಲಿ ವಿಶೇಷವಾದ ಸ್ಥಾನವನ್ನು ಪಡೆದಿದೆ. ಲಕ್ಷಣಗಳು ಗೂಢವಾಗಿರುವ ವ್ಯಾಧಿಯನ್ನು ಉಪಶಯಾನುಪಶಯಗಳಿಂದ ಪರೀಕ್ಷಿಸಬೇಕೆಂದು ಚರಕನ ಉಪದೇಶ. ಯೂಯಿಂಗನು ಮಾಡಿದುದೂ ಇದನ್ನೇ. ಆಸ್ಟಿಯೋಸಾರ್ಕೋಮವು ಕಿರಣಚಿಕಿತ್ಸೆಗೆ ಸುಲಭವಾಗಿ ಮಣಿಯುವುದಿಲ್ಲ. ಆತನು ಕಂಡ ಅರ್ಬುದವು ರೇಡಿಯಮ್ಮಿಗೆ ಬೇಗನೆ ಕುಗ್ಗಿತು. ಚಿಕಿತ್ಸೆಯ ಫಲದಲ್ಲಿ ಭೇದವಿರುವಾಗ ವ್ಯಾಧಿಯಲ್ಲಿಯೂ ಭೇದವಿರಬೇಕೆಂದು ಆತನು ತರ್ಕಿಸಿದನು. ಆದರೆ ಭೇದವನ್ನು ಮೊದಲು ತೋರಿಸಿದ ಈ ಸಾಧನವೇ ರೋಗಿಯ ಪಕ್ಕದಲ್ಲಿ ಮೋಸಮಾಡುತ್ತದೆ. ಲಿಂಫೋಮವೂ ಕಿರಣಗಳಿಗೆ ಹಾಗೆಯೇ ಕುಗ್ಗುತ್ತದೆ. ಇನ್ನು ಅಸ್ಥಿಪಾಕವೆಂದು ಭಾವಿಸಿ ಆಂಟಿಬಯಾಟಿಕ್ ಔಷಧವನ್ನು ಕೊಟ್ಟಾಗ ಜ್ವರವೂ ನೋವೂ ಕೆಲವು ದಿನ ತಗ್ಗುವುದುಂಟು. ಏಕೆಂದರೆ ಈ ರೋಗದಲ್ಲಿ ಅವು ತಾವಾಗಿಯೇ ಏರಿಳಿಯುತ್ತವೆ. ಕಾಕತಾಳೀಯವಾದ ಆ ಶಮನವನ್ನು ಉಪಶಯವೆಂದು ಎಣಿಸುವುದರಿಂದ ತಿಂಗಳುಗಳು ಕಳೆದುಹೋಗುತ್ತವೆ.

ಆದುದರಿಂದ ಅರ್ಬುದದ ತುಣುಕನ್ನೇ ತೆಗೆದು ಸೂಕ್ಷ್ಮದರ್ಶಕದಿಂದ ನೋಡುವುದು ಅವಶ್ಯಕ. ಇದಕ್ಕೆ ಬಯಾಪ್ಸಿಯೆಂದು ಹೆಸರು. ಯೂಯಿಂಗ್ ಅರ್ಬುದದಲ್ಲಿ ಸಣ್ಣವೂ ದುಂಡಾದವೂ ಆದ ಜೀವಕೋಶಗಳು ಒತ್ತಾಗಿ ಸೇರಿ, ಬಣ್ಣಕಟ್ಟಿದಾಗ ನೀಲಿಯಾಗಿ ಕಾಣುತ್ತವೆ. ಇಲ್ಲಿಯೂ ಸಾದೃಶ್ಯವು ಬೆನ್ನುಬಿಡುವುದಿಲ್ಲ. ಲಿಂಫೋಮ, ಎಳೆಯ ಮಕ್ಕಳಲ್ಲಿ ಬೇರೆಡೆ ಹುಟ್ಟಿ ಎಲುಬಿಗೆ ಹರಡುವ ನ್ಯೂರೋಬ್ಲಾಸ್ಟೋಮ, ಮಾಂಸಖಂಡದ ಸ್ವಭಾವವುಳ್ಳ ರ‍್ಯಾಬ್ಡೋಮಯೋಸಾರ್ಕೋಮ, ಆಸ್ಟಿಯೋಸಾರ್ಕೋಮದ ಸಣ್ಣಕೋಶದ ಪ್ರಭೇದ ಇವೆಲ್ಲವೂ ಅಂಥ ಕೋಶಗಳಿಂದಲೇ ಕೂಡಿವೆ. ಕೋಶಗಳ ಮೇಲಣ ಪ್ರೋಟೀನುಗಳನ್ನು ಬಣ್ಣದಿಂದ ಗುರುತಿಸುವ ವಿಧಾನವು ಸಂಶಯವನ್ನು ಬಹಳವಾಗಿ ಕಡಮೆಮಾಡುತ್ತದೆ. ಸಿ.ಡಿ. ೯೯ ಎಂಬ ಪ್ರೋಟೀನು ಯೂಯಿಂಗ್ ಕೋಶಗಳ ಹೊರಪೊರೆಯಲ್ಲೆಲ್ಲ ದಟ್ಟವಾಗಿ ತೋರುತ್ತದೆ. ಅದು ಕಾಣದಿದ್ದರೆ ಯೂಯಿಂಗ್ ಎಂದು ಹೇಳಲು ಹಿಂಜರಿಯಬೇಕು. ಕಂಡಮಾತ್ರಕ್ಕೆ ಯೂಯಿಂಗ್ ಎಂದು ಸಾಧಿಸಿದಂತಾಗಲಿಲ್ಲ, ಏಕೆಂದರೆ ಕೆಲವು ಲಿಂಫೋಮಗಳಲ್ಲಿಯೂ ಅದು ಉಂಟು.

ಕಡೆಗೆ ನಿರ್ಣಯವು ಸಂಪ್ರಾಪ್ತಿಯಿಂದಲೇ ದೊರೆಯುತ್ತದೆ. ಈ ಅರ್ಬುದದ ಕೋಶಗಳಲ್ಲಿ ೧೧ನೆಯ ಮತ್ತು ೨೨ನೆಯ ವರ್ಣತಂತುಗಳು ತುಂಡಾಗಿ ಪರಸ್ಪರ ಸ್ಥಾನವನ್ನು ಬದಲಾಯಿಸಿಕೊಂಡಿರುತ್ತವೆಂದು ೧೯೮೩ರಲ್ಲಿ ತಿಳಿದುಬಂದಿತು. ಆ ತುಂಡುಗಳ ಸಂಧಿಯಲ್ಲಿ ಇ.ಡಬ್ಲ್ಯು.ಎಸ್.ಆರ್. ೧ ಮತ್ತು ಎಫ್.ಎಲ್.ಐ. ೧ ಎಂಬ ಎರಡು ಜೀನುಗಳು ಒಂದಾಗಿ ಬೆಸೆದಿವೆಯೆಂಬುದು ೧೯೯೨ರಲ್ಲಿ ಸ್ಪಷ್ಟವಾಯಿತು. ಬೆಸೆದ ಜೀನಿನಿಂದ ಹುಟ್ಟುವ ವಿಕೃತ ಪ್ರೋಟೀನು ಇತರ ಜೀನುಗಳ ನಿಯಮವನ್ನು ಕೆಡಿಸಿ ಕೋಶವನ್ನು ಅರ್ಬುದವಾಗಿ ಬೆಳೆಯಿಸುತ್ತದೆ. ನೂರಕ್ಕೆ ಸುಮಾರು ೮೫ ರೋಗಿಗಳಲ್ಲಿ ಈ ಜೋಡಿಯೇ ಇದ್ದು, ಉಳಿದವರಲ್ಲಿ ಬಹುಮಂದಿಗೆ ಎಫ್.ಎಲ್.ಐ. ೧ರ ಸ್ಥಾನದಲ್ಲಿ ಅದರ ಸಜಾತೀಯವಾದ ಇ.ಆರ್.ಜಿ. ಎಂಬ ಜೀನು ಇರುತ್ತದೆ. ಅಸ್ಥಿಪಾಕದಲ್ಲಿ ಇಂಥ ಬೆಸುಗೆಯಿಲ್ಲ. ಲಿಂಫೋಮದಲ್ಲಿಯೂ ನ್ಯೂರೋಬ್ಲಾಸ್ಟೋಮದಲ್ಲಿಯೂ ಇದು ಇಲ್ಲ. ಆದರೂ ಮೊದಲನೆಯ ಜೀನು ತುಂಡಾಗಿದೆಯೆಂಬಷ್ಟರಿಂದಲೇ ತೃಪ್ತಿಪಡಲಾಗದು. ಬೇರೆ ಕೆಲವು ಅರ್ಬುದಗಳಲ್ಲಿಯೂ ಅದು ತುಂಡಾಗುತ್ತದೆ. ಅದರೊಡನೆ ಸೇರಿದ ಜೀನು ಯಾವುದೆಂಬುದನ್ನೂ ಅರಿಯಬೇಕು. ಹಿಂದೆ ಯೂಯಿಂಗಿನಂಥವೆಂದು ಒಟ್ಟಾಗಿ ಹೇಳುತ್ತಿದ್ದ ಕೆಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ವರ್ಗೀಕರಣವು ಈ ಆಧಾರದಿಂದಲೇ ಪ್ರತ್ಯೇಕ ವ್ಯಾಧಿಗಳೆಂದು ಗಣಿಸಿದೆ.

ಇಷ್ಟು ಸೂಕ್ಷ್ಮವಾದ ವಿವೇಚನೆಯು ಕೇವಲ ಶಾಸ್ತ್ರಕುತೂಹಲವಲ್ಲ. ಚಿಕಿತ್ಸೆಯೇ ಇದನ್ನು ಅವಲಂಬಿಸಿದೆ. ಅಸ್ಥಿಪಾಕಕ್ಕೆ ಆಂಟಿಬಯಾಟಿಕ್ ಔಷಧವೂ ಕೀವನ್ನು ಹೊರಗೆಡಹುವ ಶಸ್ತ್ರಕ್ರಿಯೆಯೂ ಸಾಕು. ಯೂಯಿಂಗ್ ಅರ್ಬುದಕ್ಕೆ ದೇಹವನ್ನೆಲ್ಲ ವ್ಯಾಪಿಸುವ ಹಲವು ಔಷಧಗಳ ಕೀಮೋಥೆರಪಿಯೂ, ಅದರೊಡನೆ ಶಸ್ತ್ರ ಅಥವಾ ಕಿರಣ ಚಿಕಿತ್ಸೆಯೂ ಬೇಕು. ಔಷಧಗಳಿಲ್ಲದ ಕಾಲದಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಮಾತ್ರ ಉಳಿಯುತ್ತಿದ್ದರು. ಈಗ ರೋಗವು ಒಂದೇ ಸ್ಥಾನದಲ್ಲಿರುವಾಗ ಸರಿಯಾದ ಚಿಕಿತ್ಸೆ ದೊರೆತರೆ ಸುಮಾರು ಎಪ್ಪತ್ತು ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ಶ್ವಾಸಕೋಶಕ್ಕೋ ಇತರ ಎಲುಬುಗಳಿಗೋ ಹರಡಿದ ಮೇಲೆ ಈ ಸಂಖ್ಯೆಯು ಮೂವತ್ತರ ಆಸುಪಾಸಿಗೆ ಇಳಿಯುತ್ತದೆ. ಬಯಾಪ್ಸಿಯನ್ನೂ, ಮುಂದೆ ಅರ್ಬುದವನ್ನು ತೆಗೆಯತಕ್ಕ ಶಸ್ತ್ರವೈದ್ಯನೇ ಯೋಚಿಸಿ ಮಾಡಿಸುವುದು ಉಚಿತ. ತಪ್ಪಾದ ಜಾಗದಲ್ಲಿ ಕೊಯ್ದರೆ ಉಳಿಸಬಹುದಾಗಿದ್ದ ಅಂಗವನ್ನೂ ಕಳೆದುಕೊಳ್ಳುವ ಸಂಭವವಿದೆ. ಅರ್ಬುದವೆಂದು ತೋರಿದಲ್ಲಿ ಸೂಕ್ಷ್ಮಜೀವಿಗಳನ್ನೂ ಹುಡುಕತಕ್ಕದ್ದು, ಕೀವೆಂದು ತೋರಿದಲ್ಲಿ ಅರ್ಬುದಕೋಶಗಳನ್ನೂ ಹುಡುಕತಕ್ಕದ್ದು ಎಂಬ ನಿಯಮವು ಅಸ್ಥಿವೈದ್ಯರಲ್ಲಿ ರೂಢವಾಗಿದೆ.

ಹೀಗೆ ಹೇತು, ಪೂರ್ವರೂಪ, ರೂಪ, ಉಪಶಯಗಳು ಈ ವ್ಯಾಧಿಯಲ್ಲಿ ವ್ಯರ್ಥವೆಂದಲ್ಲ. ಅವು ಶಂಕೆಯನ್ನು ಹುಟ್ಟಿಸಲು ಸಮರ್ಥವಾಗಿವೆ, ನಿಶ್ಚಯವನ್ನು ಕೊಡಲು ಸಮರ್ಥವಾಗಿಲ್ಲ. ಶಂಕೆಯು ಹುಟ್ಟಬೇಕಾದುದು ಮನೆಯಲ್ಲಿ, ಪಾಠಶಾಲೆಯಲ್ಲಿ. ನಿಶ್ಚಯವಾಗಬೇಕಾದುದು ಸೂಕ್ಷ್ಮದರ್ಶಕದ ಕೆಳಗೆ. ರೋಗವು ಹೆಚ್ಚಾಗಿ ಬರುವ ವಯಸ್ಸು ವಿದ್ಯಾರ್ಥಿದೆಶೆಯೇ ಆದುದರಿಂದ, ಒಂದೇ ಜಾಗದಲ್ಲಿ ವಾರಗಟ್ಟಲೆ ಬಿಡದಿರುವ ನೋವು, ರಾತ್ರಿ ನಿದ್ರೆಗೆಡಿಸುವ ನೋವು, ಅದರೊಡನೆ ಊತ ಇವುಗಳನ್ನು ಕಂಡಾಗ ಆಟದ ಪೆಟ್ಟೆಂದು ಸಮಾಧಾನಪಡದೆ ವೈದ್ಯರಲ್ಲಿಗೆ ಕಳುಹಿಸುವುದು ಉಪಾಧ್ಯಾಯರಿಗೂ ಸೇರಿದ ಕರ್ತವ್ಯವಾಗಿದೆ.