ದಪ್ಪಗಿದ್ದವರಿಗೆ ಸ್ಕೂಬಾ ಸಿಲಿಂಡರ್ ಬೇಗ ಖಾಲಿಯಾಗುತ್ತದೆಯೇ? ಉಸಿರು ಬಿಗಿಹಿಡಿದರೆ ಗಾಳಿ ಉಳಿಯುತ್ತದೆಯೇ?

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟವರಿಗೆ ಬಿಟ್ಟಿ ಸಲಹೆಗಳಿಗೆ ಬರವಿಲ್ಲ. ದಪ್ಪಗಿದ್ದರೆ ಗಾಳಿ ಬೇಗ ಮುಗಿಯುತ್ತದೆ, ಜಿಮ್ ಮಾಡಿದವರಿಗೆ ಹೆಚ್ಚು ಹೊತ್ತು ಬರುತ್ತದೆ, ಮಧ್ಯೆ ಮಧ್ಯೆ ಉಸಿರು ಹಿಡಿದರೆ ಉಳಿತಾಯ. ಮೊದಲ ಎರಡು ಅರ್ಧ ಸತ್ಯ. ಮೂರನೆಯದು ಜೀವಕ್ಕೇ ಅಪಾಯ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ತಿದ್ದುಪಡಿ. ಬೆನ್ನ ಮೇಲಿರುವುದು 'ಆಕ್ಸಿಜನ್ ಸಿಲಿಂಡರ್' ಅಲ್ಲ. ಅದರಲ್ಲಿರುವುದು ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು. 11 ಲೀಟರ್ ಸಿಲಿಂಡರ್‌ಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,200 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಬಳಸುವವರಿಗೆ ನೀರಿನ ಮೇಲೆ ಇದು 110 ನಿಮಿಷ ಸಾಕು. ಆದರೆ 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ಪ್ರತಿ ಉಸಿರಿಗೂ ಎರಡು ಪಟ್ಟು ಗಾಳಿ ಬೇಕು. ಹಾಗಾಗಿ 55 ನಿಮಿಷ. 20 ಮೀಟರ್‌ನಲ್ಲಿ ಬರೀ 36 ನಿಮಿಷ. ಅಂದರೆ ನಿಮ್ಮ ಸೊಂಟದ ಅಳತೆಗಿಂತ ಆಳದ್ದೇ ದೊಡ್ಡ ಲೆಕ್ಕ.

ಹಾಗಾದರೆ ತೂಕಕ್ಕೆ ಸಂಬಂಧವೇ ಇಲ್ಲವೇ? ಇದೆ. ದೇಹ ದೊಡ್ಡದಾದಷ್ಟೂ ಆಮ್ಲಜನಕದ ಅಗತ್ಯ ಹೆಚ್ಚು. ಆದರೆ ಇದು ಬೊಜ್ಜಿಗೆ ಮಾತ್ರವಲ್ಲ, ಕಟ್ಟುಮಸ್ತಾದ ಮೈಗೂ ಅನ್ವಯಿಸುತ್ತದೆ. ಗಾಬರಿಯಿಂದ ಕೈಕಾಲು ಬಡಿಯುವ ಜಿಮ್ ಹುಡುಗನಿಗಿಂತ ಮೊದಲೇ, ನಿಧಾನವಾಗಿ ತೇಲುವ ಅನುಭವಿ ಆಂಟಿಯ ಸಿಲಿಂಡರ್ ಖಾಲಿಯಾಗುವುದು ಅಪರೂಪ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡು ಪಟ್ಟಾದರೆ ನೀರಿನ ತಡೆ ನಾಲ್ಕು ಪಟ್ಟಾಗುತ್ತದೆ. ಫಿಟ್ನೆಸ್ ಇದ್ದವರಿಗೆ ಅಷ್ಟೇ ಕೆಲಸಕ್ಕೆ ಏದುಸಿರು ಕಡಿಮೆ, ಅದು ನಿಜ. ಆದರೆ ಅವಸರ ಮಾಡಿದರೆ ಆ ಲಾಭವೆಲ್ಲ ನೀರುಪಾಲು. ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕ ಅಗತ್ಯಕ್ಕಿಂತ ಜಾಸ್ತಿಯಾದರೂ ಅಷ್ಟೇ: ಅದನ್ನು ಸರಿದೂಗಿಸಲು ಜಾಕೆಟ್‌ಗೆ ಗಾಳಿ ತುಂಬಬೇಕು, ಕಾಲು ಕೆಳಗಾಗಿ ಈಜುವುದೇ ತ್ರಾಸಾಗುತ್ತದೆ.

ಈಗ ಉಸಿರಿನ ವಿಷಯ. ನಮಗೆ ಉಸಿರಾಡಬೇಕೆನಿಸುವುದು ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ. ಉಸಿರು ಹಿಡಿದರೆ ಅದು ಇನ್ನಷ್ಟು ಸೇರಿ ತಲೆನೋವು, ಚಡಪಡಿಕೆ ಶುರುವಾಗಿ, ಆಮೇಲೆ ಜೋರಾಗಿ ಎಳೆದುಕೊಳ್ಳುತ್ತೇವೆ. ಉಳಿಸಿದ್ದೆಲ್ಲ ಅಲ್ಲಿಗೆ ಹೋಯಿತು.

ದೊಡ್ಡ ಅಪಾಯ ಮೇಲೇರುವಾಗ. 10 ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಬಾಯಿ, ಗಂಟಲು ಮುಚ್ಚಿದ್ದರೆ ಶ್ವಾಸಕೋಶದ ಅಂಗಾಂಶವೇ ಹರಿಯಬಹುದು, ಗಾಳಿಗುಳ್ಳೆಗಳು ರಕ್ತ ಸೇರಿ ಮಿದುಳಿಗೆ ಹೋಗಬಹುದು. ನಾಲ್ಕೈದು ಅಡಿ ಆಳದ ಈಜುಕೊಳದಲ್ಲೂ ಇದು ಸಾಧ್ಯ. ಪ್ರಾಣಾಯಾಮ ಮಾಡುವವರಿಗೆ ನಿಧಾನ ಉಸಿರಿನ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂದೀತು, ಆದರೆ ಕುಂಭಕ ಮಾತ್ರ ದಡದಲ್ಲೇ ಇರಲಿ. ನೀರಿನಲ್ಲಿ ನಿಧಾನವಾಗಿ, ಆಳವಾಗಿ ಉಸಿರಾಡಿ, ನಿಲ್ಲಿಸಬೇಡಿ.

ಅಸ್ತಮಾ, ಹೃದಯದ ತೊಂದರೆ, ರಕ್ತದೊತ್ತಡ ಇದ್ದವರು ಬುಕಿಂಗ್‌ಗೆ ಮೊದಲೇ ವೈದ್ಯರನ್ನು ಕಾಣಿ, ಫಾರಂನಲ್ಲಿ ಮುಚ್ಚಿಡಬೇಡಿ. ನೀರಿಗಿಳಿದ ಮೇಲೆ ಮೀಟರ್ ನೋಡುತ್ತಿರಿ. ಸಿಲಿಂಡರ್‌ನಲ್ಲಿ 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕು ಎಂಬುದು ಡೈವಿಂಗ್‌ನಲ್ಲಿ ಸಾಮಾನ್ಯ ರೂಢಿ.