ಕನ್ನಡಕ ಮೂಗಿನ ಮೇಲೆ ಕೂರುವವರೆಗೆ

ಬೆಂಗಳೂರಿನ ಕೊಡಿಗೇಹಳ್ಳಿ, ಸಹಕಾರನಗರ, ತಿಂಡ್ಲು, ಬ್ಯಾಟರಾಯನಪುರದ ಮಕ್ಕಳು ಹೋಗುವ ಶಾಲೆಗಳು ಎರಡು ಬಗೆ. ದೊಡ್ಡ ಖಾಸಗಿ ಶಾಲೆಯಾದರೆ ಆಫೀಸಿನ ಪಕ್ಕ ‘ಸಿಕ್ ರೂಮ್’ ಎಂದು ಬೋರ್ಡ್ ಹಾಕಿದ ಕೋಣೆ, ಒಂದು ಮಂಚ, ಔಷಧಿಯ ಬೀರು, ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬ ಸಿಸ್ಟರ್. ಸರ್ಕಾರಿ ಶಾಲೆಯಲ್ಲಿ ದಿನವಿಡೀ ಕೂರುವ ನರ್ಸ್ ಸಾಮಾನ್ಯವಾಗಿ ಇರುವುದಿಲ್ಲ. ಹಾಗೆಂದು ಅಲ್ಲಿ ನರ್ಸ್ ಮಾಡಬೇಕಾದ ಕೆಲಸ ನಿಂತಿಲ್ಲ. ಅದು ನಾಲ್ಕೈದು ಜನರಲ್ಲಿ ಹಂಚಿಹೋಗಿದೆ. ಯಾರ ಪಾಲಿಗೆ ಏನಿದೆ ಎಂಬುದು ಹೆತ್ತವರಿಗೆ ಗೊತ್ತಿರಬೇಕು. ಇಲ್ಲದಿದ್ದರೆ ತಪಾಸಣೆ ನಡೆದೂ ನಡೆಯದಂತೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಒಂದು ತಂಡ ಬರುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅದು. ಶಾಲೆಯವರ ಬಾಯಲ್ಲಿ ಆರ್‌ಬಿಎಸ್‌ಕೆ. ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್ ಅಥವಾ ಆರೋಗ್ಯ ಸಹಾಯಕಿ (ಎಎನ್‌ಎಂ), ಒಬ್ಬ ಫಾರ್ಮಸಿಸ್ಟ್ ಇರಬೇಕೆಂಬುದು ನಿಯಮ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ. ಹುಟ್ಟಿದ ಕೂಸಿನಿಂದ 18 ವರ್ಷದವರೆಗಿನ ಮಕ್ಕಳು ಈ ಕಾರ್ಯಕ್ರಮದ ಲೆಕ್ಕದೊಳಗೆ. ಅವರು ಹುಡುಕುವುದು ನಾಲ್ಕು ತರಹದ ತೊಂದರೆ: ಸೀಳುತುಟಿ, ಹೃದಯದ ರಂಧ್ರದಂಥ ಹುಟ್ಟು ದೋಷಗಳು; ರಕ್ತಹೀನತೆಯಂಥ ಕೊರತೆಗಳು; ಕಿವಿ ಸೋರುವುದು, ಹುಳುಕು ಹಲ್ಲು, ಚರ್ಮರೋಗದಂಥ ಕಾಯಿಲೆಗಳು; ಮಾತು, ಕಲಿಕೆ, ನಡಿಗೆ ತಡವಾಗುವುದು. ತೂಕ, ಎತ್ತರ ಅಳೆಯುತ್ತಾರೆ, ಕೆಳರೆಪ್ಪೆ ಎಳೆದು ಬಣ್ಣ ನೋಡುತ್ತಾರೆ, ನಾಲಿಗೆ ಚಾಚಿಸುತ್ತಾರೆ.

ಇದರಲ್ಲಿ ಕಣ್ಣಿನ ಪರೀಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೋಡುವವರಿಗೆ ಬಲು ಸುಲಭ ಅನ್ನಿಸುವ ಕೆಲಸ ಅದು. ಅಕ್ಷರಗಳ ಚಾರ್ಟನ್ನು ಬೆಳಕಿರುವ ಗೋಡೆಗೆ ತೂಗುಹಾಕಿ, 6 ಮೀಟರ್ ಅಳೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಮಗು ಗೆರೆಯ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ಓದಬೇಕು. ಅನುಭವವಿರುವ ಸಿಸ್ಟರ್ ಬೆರಳಲ್ಲಿ ಕಣ್ಣು ಮುಚ್ಚಲು ಬಿಡುವುದಿಲ್ಲ, ಬೆರಳ ಸಂದಿಯಿಂದ ಇಣುಕದ ಮಗುವೇ ಇಲ್ಲ. ಅಂಗೈ ಅಥವಾ ರಟ್ಟಿನ ತುಂಡು ಹಿಡಿಸುತ್ತಾರೆ. ಒತ್ತಿ ಹಿಡಿದರೆ ಆ ಕಣ್ಣಿನ ಸರದಿ ಬಂದಾಗ ಮಂಜಾಗುವುದರಿಂದ ‘ಒತ್ತಬೇಡ ಪುಟ್ಟಾ’ ಎನ್ನುತ್ತಿರುತ್ತಾರೆ. ಸಾಲಿನಲ್ಲಿ ಕಾಯುವ ಮಕ್ಕಳನ್ನು ಚಾರ್ಟ್ ಕಾಣದ, ಮಾತು ಕೇಳದ ಕಡೆ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಮುಂದಿನವರು ಹೇಳಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಕಣ್ಣು ಕಾಣದ ಹುಡುಗನೂ ಪಟಪಟನೆ ಒಪ್ಪಿಸಿಬಿಡುತ್ತಾನೆ. ಅಕ್ಷರ ಬಾರದ ಚಿಕ್ಕ ಮಗುವಿಗೆ ನಾನಾ ದಿಕ್ಕಿಗೆ ತಿರುಗಿದ ಇಂಗ್ಲಿಷ್ ‘E’ ಗುರುತಿನ ಚಾರ್ಟ್. ಕಾಲುಗಳು ಯಾವ ಕಡೆಗಿವೆ ಎಂದು ಕೈಯಲ್ಲಿ ತೋರಿಸಿದರೆ ಸಾಕು.

ಕಾಣದಿದ್ದರೆ? ಆಸ್ಪತ್ರೆಗೆ ತೋರಿಸಲು ಚೀಟಿ ಬರೆದುಕೊಡುತ್ತಾರೆ. ನನ್ನ ಪ್ರಕಾರ ಶಾಲಾ ಆರೋಗ್ಯದ ನಿಜವಾದ ಕೆಲಸ ಶುರುವಾಗುವುದು ಈ ಚೀಟಿಯಿಂದ. ತೊಂದರೆ ಗುರುತಿಸುವುದು ಅರ್ಧ ಕೆಲಸ, ಅದೂ ಸುಲಭದ ಅರ್ಧ. ಕೊಡಿಗೇಹಳ್ಳಿಯ ಕಟ್ಟಡ ಕೆಲಸಗಳಿಗೆ ಯಾದಗಿರಿ, ರಾಯಚೂರಿನ ಕಡೆಯಿಂದ ಬಂದಿರುವ ಕುಟುಂಬವೊಂದನ್ನು ಯೋಚಿಸಿ. ಕಣ್ಣಿನ ಚಿಕಿತ್ಸೆಗೆ ಮಿಂಟೋ ಆಸ್ಪತ್ರೆಗೆ ಹೋಗಬೇಕು ಎಂದರೆ, ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಬಿಎಂಟಿಸಿ ಬಸ್ಸಿನ ಖರ್ಚಿಲ್ಲ ನಿಜ, ಆದರೆ ಒಂದು ದಿನದ ಕೂಲಿ ಹೋಗುತ್ತದೆ. ಮೊದಲ ದಿನ ಚೀಟಿ ಮಾಡಿಸಿ ಪರೀಕ್ಷೆ, ಇನ್ನೊಂದು ದಿನ ಕನ್ನಡಕಕ್ಕೆ ಎಂದರೆ ಎರಡು ದಿನದ ಕೂಲಿ. ಹೀಗೆ ಶಾಲೆಯಲ್ಲಿ ಕೊಟ್ಟ ಚೀಟಿ ಬ್ಯಾಗಿನ ತಳದಲ್ಲೇ ಮುದುಡಿಹೋಗುತ್ತದೆ. ಅದನ್ನು ತಾಯಿಯ ಉಡಾಫೆ ಎನ್ನುವುದು ಅನ್ಯಾಯ. ‘ಮೊದಲು ಹತ್ತಿರದ ಸರ್ಕಾರಿ ನಮ್ಮ ಕ್ಲಿನಿಕ್‌ನಲ್ಲಿ ತೋರಿಸಮ್ಮ, ಬೇಕಿದ್ದರೆ ಯಲಹಂಕದ ಸರ್ಕಾರಿ ಆಸ್ಪತ್ರೆಗೆ ಅವರೇ ಬರೆದುಕೊಡುತ್ತಾರೆ, ಹೋಗುವಾಗ ಆಧಾರ್, ರೇಷನ್ ಕಾರ್ಡ್ ತೆಗೆದುಕೊಂಡು ಹೋಗು’ ಎಂದು ಯಾರಾದರೂ ಬಿಡಿಸಿ ಹೇಳಿದರೆ ಅದೇ ತಾಯಿ ಹೋಗುತ್ತಾಳೆ. ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಕೊಡಲು ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಅವಕಾಶವಿದೆ ಎಂಬುದನ್ನೂ ಹೇಳಬೇಕು.

ಶಾಲಾ ನರ್ಸ್ ಎಂಬ ಹುದ್ದೆ ಹುಟ್ಟಿದ್ದೇ ಈ ಉಳಿದರ್ಧ ಕೆಲಸಕ್ಕೆ. 1902ರಲ್ಲಿ ನ್ಯೂಯಾರ್ಕ್‌ನ ಶಾಲಾ ವೈದ್ಯರು ಹೇನು, ಕಜ್ಜಿ, ಕಣ್ಣಿನ ಸೋಂಕು ಕಂಡ ಮಕ್ಕಳನ್ನೆಲ್ಲ ಮನೆಗೆ ಅಟ್ಟುತ್ತಿದ್ದರು. ಮುಂದೇನು ಮಾಡಬೇಕೆಂದು ಮನೆಯವರಿಗೆ ಹೇಳುವವರಿರಲಿಲ್ಲ. ಆ ಅಕ್ಟೋಬರ್‌ನಲ್ಲಿ ಲೀನಾ ರೋಜರ್ಸ್ ಎಂಬ ನರ್ಸ್‌ಗೆ ನಾಲ್ಕು ಶಾಲೆಗಳನ್ನು ಒಪ್ಪಿಸಿದರು. ಸಣ್ಣಪುಟ್ಟದ್ದಕ್ಕೆ ಶಾಲೆಯಲ್ಲೇ ಔಷಧಿ ಹಚ್ಚಿ, ಸಂಜೆ ಮನೆಗಳಿಗೆ ಹೋಗಿ ತಾಯಂದಿರಿಗೆ ತೋರಿಸಿಕೊಟ್ಟರು ಆಕೆ. ಪ್ರಯೋಗ ಫಲಿಸಿತು, ಇನ್ನಷ್ಟು ನರ್ಸ್‌ಗಳು ಬಂದರು. 1902ರ ಸೆಪ್ಟೆಂಬರ್ ಒಂದರಲ್ಲೇ ಮನೆಗೆ ಅಟ್ಟಿಸಿಕೊಂಡ ಮಕ್ಕಳು ಹತ್ತು ಸಾವಿರಕ್ಕೂ ಹೆಚ್ಚು. ಮರುವರ್ಷ ಅದೇ ತಿಂಗಳಲ್ಲಿ ಸುಮಾರು ಸಾವಿರದ ನೂರು. ಕಜ್ಜಿಯ ಮಾತು ಇವತ್ತಿಗೂ ಹಾಗೇ ಇದೆ. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯಲ್ಲಿ ಮಗುವೊಂದಕ್ಕೇ ಮುಲಾಮು ಹಚ್ಚಿದರೆ ವಾಸಿಯಾಗುವುದಿಲ್ಲ. ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಂಡು, ಹೊದಿಕೆ, ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಚೀಟಿಯಲ್ಲಿ ಮುಲಾಮಿನ ಹೆಸರಷ್ಟೇ ಇರುತ್ತದೆ.

ನಮ್ಮಲ್ಲಿ ಈ ಮನೆಬಾಗಿಲ ಕೆಲಸ ಮಾಡಬಲ್ಲವರು ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಹಾಯಕಿ. 10 ಮತ್ತು 16ನೇ ವಯಸ್ಸಿನ ಟಿಡಿ (ಧನುರ್ವಾಯು, ಡಿಫ್ತೀರಿಯಾ) ಲಸಿಕೆ ಹಾಕಲು ಶಾಲೆಗೆ ಬರುವವರೂ ಆರೋಗ್ಯ ಸಹಾಯಕಿಯೇ. 2020ರಿಂದೀಚೆಗೆ ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ ಆರೋಗ್ಯದ ಹೊಣೆ ವಹಿಸುವ ಕೇಂದ್ರದ ಯೋಜನೆಯೂ ಇದೆ. ನಿಮ್ಮ ಶಾಲೆಯಲ್ಲಿ ಆ ಇಬ್ಬರು ಯಾರೆಂದು ಎಚ್‌ಎಂ ಅವರನ್ನು ಕೇಳಿ ತಿಳಿದುಕೊಳ್ಳಿ.

ಮಾತ್ರೆಗಳ ವಿಷಯದಲ್ಲಿ ಗೊಂದಲ ಹೆಚ್ಚು. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ: ಚಿಕ್ಕ ತರಗತಿಗಳಿಗೆ ಗುಲಾಬಿ, ದೊಡ್ಡವರಿಗೆ ನೀಲಿ. ಬರಿಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ಒಂದು ಮಗು ವಾಂತಿ ಮಾಡಿಕೊಂಡರೆ ಇಡೀ ತರಗತಿ ಮಾತ್ರೆಗೆ ಹೆದರುತ್ತದೆ. ಹಾಲು, ಟೀ ಜೊತೆ ತೆಗೆದುಕೊಂಡರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಆದ್ದರಿಂದ ಕ್ಷೀರಭಾಗ್ಯದ ಹಾಲಿನ ಹೊತ್ತಿನಲ್ಲಿ ಬೇಡ, ಬಿಸಿಯೂಟದ ನಂತರವೇ ಸರಿ. ಮರುದಿನ ಮಲ ಕಪ್ಪಾದರೆ ಗಾಬರಿ ಬೇಡ. ಜಂತುಹುಳದ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಯ ದಿನ ಬೇರೆ, ಫೆಬ್ರವರಿ ಮತ್ತು ಆಗಸ್ಟ್ 10. ಅದನ್ನು ನುಂಗುವುದಲ್ಲ, ಅಗಿಯಬೇಕು. ಅಂದು ಮಗುವಿಗೆ ಜ್ವರವಿದ್ದರೆ ಅಥವಾ ರಜೆ ಹಾಕಿದ್ದರೆ ವಾರದ ನಂತರ ಇನ್ನೊಂದು ದಿನ ಕೊಡುತ್ತಾರೆ. ರಕ್ತಹೀನತೆಯ ಬೇರು ಎಷ್ಟೋ ಸಲ ಹೊಟ್ಟೆಯ ಹುಳದಲ್ಲಿರುವುದರಿಂದ ಎರಡೂ ಮಾತ್ರೆ ಜೊತೆಜೊತೆಗೇ ನಡೆಯಬೇಕು.

ಇನ್ನು ಖಾಸಗಿ ಶಾಲೆಯ ಸಿಸ್ಟರ್. ಬಹಳ ಕಡೆ ಇವರನ್ನು ಬ್ಯಾಂಡೇಜ್ ಸುತ್ತುವುದಕ್ಕೂ ಮನೆಗೆ ಫೋನ್ ಮಾಡುವುದಕ್ಕೂ ಸೀಮಿತಗೊಳಿಸಿದ್ದಾರೆ. ದೊಡ್ಡ ನಷ್ಟ ಅದು. ನರ್ಸ್ ತಾನಾಗಿ ಔಷಧಿ ಬರೆಯುವಂತಿಲ್ಲ, ವೈದ್ಯರು ಬರೆದದ್ದನ್ನು ಕೊಡಬಲ್ಲರು. ‘ಜ್ವರ ಬಂದರೆ ಒಂದು ಚಮಚ ಸಿರಪ್ ಕೊಡಿ’ ಎಂದು ಡೈರಿಯಲ್ಲಿ ಬರೆದು ಕಳಿಸುವ ಅಪ್ಪ ಅಮ್ಮಂದಿರು ಗಮನಿಸಬೇಕು: ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಒಂದೇ ಚಮಚ, ಇಮ್ಮಡಿ ಔಷಧಿ. ಬಾಟಲಿಯ ಸಮೇತ ವೈದ್ಯರ ಚೀಟಿಯ ಪ್ರತಿ ಕೊಡಿ, ಮಗುವಿನ ತೂಕ ಬರೆದುಕೊಡಿ.

ಆಸ್ತಮಾ, ಫಿಟ್ಸ್, ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಗುವಿನ ತಾಯ್ತಂದೆ ಅಡ್ಮಿಶನ್ ಸಿಗುವುದಿಲ್ಲವೇನೋ ಎಂಬ ಅಂಜಿಕೆಯಿಂದ ಮುಚ್ಚಿಡುವುದುಂಟು. ಆ ಅಂಜಿಕೆ ಅರ್ಥವಾಗುತ್ತದೆ, ಆದರೆ ಮುಚ್ಚಿಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವ ಮಗು ಪಿಟಿ ಪೀರಿಯಡ್ ಮುಗಿಸಿ ಬಂದು ಬೆವರುತ್ತಾ, ನಡುಗುತ್ತಾ, ಮಂಕಾಗಿ ಕೂತರೆ ಟೀಚರ್ ಅದನ್ನು ಸೋಮಾರಿತನ ಎಂದುಕೊಳ್ಳಬಹುದು. ಸಿಸ್ಟರ್‌ಗೆ ಗೊತ್ತಿದ್ದರೆ ಬೆರಳು ಚುಚ್ಚಿ ನೋಡುತ್ತಾರೆ. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡುತ್ತಾರೆ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ ನೇರ 108ಕ್ಕೆ ಕರೆ. ಸಿಬಿಎಸ್‌ಇ 2017ರಿಂದ ಇಂಥ ಮಕ್ಕಳಿಗೆ ಪರೀಕ್ಷಾ ಕೋಣೆಗೂ ತಿಂಡಿ ಒಯ್ಯಲು ಬಿಟ್ಟಿದೆ. ತರಗತಿಯಲ್ಲಿ ಬಿಡದಿರಲು ಕಾರಣವೇ ಇಲ್ಲ. ಫಿಟ್ಸ್ ಬಂದಾಗ ಕೈಗೆ ಕೀಗೊಂಚಲು ಕೊಡುವುದು, ಹಲ್ಲಿನ ಮಧ್ಯೆ ಚಮಚ ತುರುಕುವುದು ಎರಡೂ ಬೇಡ. ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ ಆಂಬುಲೆನ್ಸ್.

ಸಿಕ್ ರೂಮಿನ ರಿಜಿಸ್ಟರನ್ನು ತಿಂಗಳಿಗೊಮ್ಮೆ ಕೂತು ಓದುವ ಸಿಸ್ಟರ್ ಸಿಕ್ಕರೆ ಆ ಶಾಲೆಯ ಪುಣ್ಯ. ಪ್ರತಿ ಸಲವೂ ಒಂದೇ ಪೀರಿಯಡ್‌ನಲ್ಲಿ ಹೊಟ್ಟೆನೋವೆಂದು ಬರುವ ಹುಡುಗ, ಹನ್ನೊಂದಕ್ಕೆ ತಲೆಸುತ್ತು ಎನ್ನುವ ಹುಡುಗಿ, ಉರಿಮೂತ್ರವೆಂದು ಬರುವ ಒಂದೇ ತರಗತಿಯ ಮೂವರು. ಮೊದಲನೆಯವನಿಗೆ ಭಯ, ಎರಡನೆಯವಳಿಗೆ ತಿಂಡಿ ಇಲ್ಲ, ಮೂವರೂ ಕೊಳಕು ಶೌಚಾಲಯಕ್ಕೆ ಹೆದರಿ ನೀರೇ ಕುಡಿಯುತ್ತಿಲ್ಲ ಎಂಬುದು ಸಾಲುಗಳನ್ನು ಜೋಡಿಸಿದಾಗಲೇ ಹೊಳೆಯುವುದು. ಕೊನೆಯದಕ್ಕೆ ಮದ್ದು ಬೀರುವಿನಲ್ಲಿಲ್ಲ, ಪ್ರಿನ್ಸಿಪಾಲರ ಮೇಜಿನ ಮೇಲಿದೆ.

ಹರೆಯದ ಮಕ್ಕಳಿಗೆ ಸಿಸ್ಟರ್ ಬಳಿ ಹೇಳಿದ ಮಾತು ಸ್ಟಾಫ್ ರೂಮಿಗೆ ಹೋಗುವುದಿಲ್ಲ ಎಂಬ ನಂಬಿಕೆ ಬೇಕು. ಆದರೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಯ ಹೆಸರು ಕೆಡುತ್ತದೆ ಎಂದು ತಡೆಯುವ ಹಕ್ಕು ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳು ಈ ವಯಸ್ಸಿನವರಿಗೆಂದೇ ಇವೆ.

ತಪಾಸಣೆಯ ಮರುದಿನ ಮಗುವನ್ನು ‘ಏನಂದರು?’ ಎಂದು ಕೇಳಿ, ಬ್ಯಾಗ್ ತಡಕಿ ನೋಡಿ. ಚೀಟಿ ಸಿಕ್ಕರೆ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ, ಆಸ್ಪತ್ರೆಗೆ ಹೋಗಿಬಂದ ಮೇಲೆ ಅಲ್ಲಿ ಬರೆದುಕೊಟ್ಟಿದ್ದನ್ನು ಶಾಲೆಗೆ ತೋರಿಸಿ. ಬಾಡಿಗೆ ಮನೆ ಬದಲಾಗಿ ಶಾಲೆಯೂ ಬದಲಾಗುವುದು ಈ ಭಾಗದಲ್ಲಿ ಮಾಮೂಲು. ಟಿ.ಸಿ. ಕೇಳಲು ಹೋದ ದಿನವೇ ಮಗುವಿನ ಆರೋಗ್ಯ ಕಾರ್ಡನ್ನೂ ಕೇಳಿ ಪಡೆದು, ಹೊಸ ಶಾಲೆಯ ಕ್ಲಾಸ್ ಟೀಚರ್ ಕೈಗೆ ಕೊಡಿ.